ಬೂದಿನಗರದ ಮೂರನೆಯ ದೀಪ

ಸೇತುವೆ ಕಾಣೆಯಾಗಿತ್ತು.

ಕಲ್ಲಿನದಲ್ಲ, ಕಬ್ಬಿಣದ್ದೂ ಅಲ್ಲ. ಒಬ್ಬ ಹುಡುಗಿ ಹದಿನಾಲ್ಕು ತಿಂಗಳು ಕೂತು ಕಂಪ್ಯೂಟರಿನೊಳಗೆ ಕಟ್ಟಿದ್ದ ಸೇತುವೆ. ನಿನ್ನೆ ಸಂಜೆ ಆರಕ್ಕೆ ಇತ್ತು. ಇಂದು ಬೆಳಿಗ್ಗೆ ಒಂಬತ್ತೂವರೆಗೆ ಇರಲಿಲ್ಲ. ‘ಬೂದಿನಗರ’ ಎಂಬ ವಿಡಿಯೊ ಗೇಮಿನ ಏಳನೆಯ ಭಾಗದಲ್ಲಿ ಹನ್ನೊಂದು ಅಧ್ಯಾಯಗಳು ಸುಕ್ಷೇಮವಾಗಿದ್ದವು. ಹನ್ನೆರಡನೆಯದನ್ನು ಒತ್ತಿದರೆ ಬರೀ ಬಿಳಿ ಪರದೆ. ಕಾಪಿಟ್ಟ ಪ್ರತಿಯೂ ಮಾಯ.

ಹುಡುಗಿ ಅಳಲಿಲ್ಲ. ಫೋನು ತೆಗೆದಳು.

“ದೊಡ್ಡಪ್ಪ, ನಿಮ್ಮ ನಿವೃತ್ತಿಗೆ ಒಂದಿನ ರಜೆ ಹಾಕ್ತೀರಾ?”

ದೊಡ್ಡಪ್ಪ ಮೂವತ್ತನಾಲ್ಕು ವರ್ಷ ಪೊಲೀಸ್ ಇಲಾಖೆಯಲ್ಲಿ ಸವೆದವರು. ಈಗ ಕುಂಡದ ಗಿಡಗಳಿಗೆ ನೀರು, ಮಧ್ಯಾಹ್ನ ನಾಲ್ಕು ಪುಟ ಕವಿತೆ. ಗಿಡಗಳಿಗೆ ಬೇಗ ಬೇಗ ನೀರು ಹಾಕಿ, ಹತ್ತೂವರೆಗೆ ಬಂದು ನಿಂತರು. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಕಚೇರಿ. ಅದರ ಮೇಲೆ ಯಜಮಾನರ ಮನೆ. ನಡುವೆ ಒಂದು ಒಳಮೆಟ್ಟಿಲು.

“ಶುರುವಿನಿಂದ ಹೇಳು ಪುಟ್ಟಿ. ನನಗೆ ಇಸ್ಪೀಟು ಬಿಟ್ಟರೆ ಬೇರೆ ಆಟ ಗೊತ್ತಿಲ್ಲ.”

“ಇದು ಬಂದೂಕಿನ ಆಟ ದೊಡ್ಡಪ್ಪ. ಆಡೋರೇ ಸೈನಿಕ. ಎದುರು ಬಂದೋರಿಗೆ ಗುಂಡು ಹೊಡೀತಾ ಹೋಗ್ಬೇಕು. ಇದುವರೆಗೂ ಆರು ಭಾಗ ಬಂದಿದೆ.”

“ಆರಕ್ಕೂ ಏನು ವ್ಯತ್ಯಾಸ?”

“ಬಂದೂಕು ಬೇರೆ. ಟೋಪಿ ಬೇರೆ. ನಾಲ್ಕನೇದು ಬಿಟ್ರೆ ಮಿಕ್ಕಿದ್ದೆಲ್ಲ ಒಂದೇ.”

“ಹಾಡಿದ್ದೇ ಹಾಡೋ ಕಿಸುಬಾಯಿ ದಾಸ!”

“ಮೆಲ್ಲಗೆ. ಯಜಮಾನ್ರು ಮೇಲೇ ಇದ್ದಾರೆ.”

“ನಿನ್ನ ಸೇತುವೇಲಿ ಏನು ಹೊಸದು?”

“ಬಂದೂಕು ಇಳಿಸಬಹುದು.”

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡರು.

“ಎತ್ತೋಕೆ, ತುಂಬೋಕೆ, ಬದಲಾಯಿಸೋಕೆ, ಎಲ್ಲಕ್ಕೂ ಗುಂಡಿ ಇತ್ತು. ಇಳಿಸೋಕೆ ಇರ್ಲಿಲ್ಲ. ಸೇತುವೆಯ ಆ ತುದೀಲಿ ಶತ್ರು ನಿಂತಿರ್ತಾನೆ. ನೀವು ಇಳಿಸಿದ್ರೆ ಅವನೂ ಇಳಿಸ್ತಾನೆ. ಆಮೇಲೆ ಇಬ್ರೂ ಮಾತಾಡ್ಕೊಂಡು ದಾಟಬಹುದು.”

ಒಂದು ಗುಂಡಿಯಿಂದ ಇಷ್ಟು ಕೆಲಸ ತೆಗೆಯುವುದನ್ನು ದೊಡ್ಡಪ್ಪ ಕವಿತೆಯಲ್ಲೂ ಅಪರೂಪಕ್ಕೆ ಕಂಡಿದ್ದರು.

“ನಾಲ್ಕು ಗಂಟೆಗೆ ಆಟ ಹಂಚೋ ಕಂಪನಿಯೋರು ನೋಡೋಕೆ ಬರ್ತಾರೆ” ಎಂದಳು ಹುಡುಗಿ. “ಅಷ್ಟರೊಳಗೆ ಸಿಗದಿದ್ರೆ ನಮ್ಮೋರು ಆರನೇ ಭಾಗದ ಕೊನೇ ಕಾಳಗಕ್ಕೇ ಬಣ್ಣ ಬಳಿದು ಹಾಕ್ತಾರೆ. ನನ್ನ ಸೇತುವೆ ಇತ್ತು ಅಂತಾನೂ ಯಾರಿಗೂ ಗೊತ್ತಾಗಲ್ಲ.”

* * *

ಕಂಪ್ಯೂಟರಿನ ದಾಖಲೆಯ ಪ್ರಕಾರ ಬೆಳಿಗ್ಗೆ ಎಂಟು ಐವತ್ತಕ್ಕೆ ಸೇತುವೆ ಹೋಗಿತ್ತು. ತೆಗೆದವರು ಬಳಸಿದ್ದು ವೇಳಾಪಟ್ಟಿ ನೋಡಿಕೊಳ್ಳುವ ಹೆಂಗಸಿನ ಪಾಸ್‌ವರ್ಡ್. ಕಚೇರಿಯಲ್ಲಿ ಎಲ್ಲರೂ ಅವರನ್ನು ಗಡಿಯಾರಕ್ಕ ಎನ್ನುತ್ತಿದ್ದರು.

“ಎಂಟು ಐವತ್ತಕ್ಕೆ ನಾನು ಬಸ್ಸಿನಲ್ಲಿ ನಿಂತಿದ್ದೆ ಸಾರ್. ಯಾರದೋ ಮೊಣಕೈ ನನ್ನ ಪಕ್ಕೆಲುಬಿನಲ್ಲಿತ್ತು. ಬೇಕಾದ್ರೆ ಗುರುತು ತೋರಿಸ್ತೀನಿ.”

“ಪಾಸ್‌ವರ್ಡ್ ಯಾರಿಗೆ ಗೊತ್ತು?”

ಅಕ್ಕ ಕೀಲಿಮಣೆಯನ್ನು ಮಗುಚಿದರು. ಅಡಿಯಲ್ಲಿ ಹಳದಿ ಚೀಟಿ.

“ಊರಿಗೆಲ್ಲ ಗೊತ್ತು. ಎಲ್ಲರ ಕೆಲಸದ ತಾರೀಖೂ ನೆನಪಿರುತ್ತೆ. ಇದೊಂದು ನೆನಪಿರಲ್ಲ.”

“ಸೇತುವೆ ಮೇಲೆ ನಿಮಗೆ ಸಿಟ್ಟಿತ್ತಂತೆ?”

“ಇತ್ತು. ಅದರಿಂದ ಮೂರು ವಾರ ತಡ ಆಯ್ತು. ಬಾಯ್ತುಂಬ ಬೈದೆ. ಆಮೇಲೊಂದು ದಿನ ದಾಟಿ ನೋಡಿದೆ.” ಅಕ್ಕ ಚೀಟಿಯನ್ನು ಮತ್ತೆ ಅಂಟಿಸಿದರು. “ಅವತ್ತಿಂದ ಬೈದಿಲ್ಲ.”

ಪಕ್ಕದ ಕೋಣೆಯಲ್ಲಿ ಬಂದೂಕುಗಳ ಚಿತ್ರಕಾರ. ದಪ್ಪ ಮೀಸೆ, ತೆಳು ಬೆರಳು. ಎಲ್ಲರಿಗೂ ಕೋವಿಯಣ್ಣ. ದೊಡ್ಡಪ್ಪ ಬಾಗಿಲು ತಳ್ಳುತ್ತಲೇ ಅವನು ಪರದೆಯನ್ನು ಆರಿಸಿದ.

“ಅಂದಿದ್ದೆ ಸಾರ್, ಇಲ್ಲ ಅನ್ನಲ್ಲ. ಆ ಸೇತುವೆ ಮುರಿದು ಬೀಳ್ಲಿ ಅಂತ ಎಲ್ಲರ ಮುಂದೇನೇ ಅಂದಿದ್ದೆ. ಹದಿನೈದು ವರ್ಷ ಬಂದೂಕಿನ ಒಂದೊಂದು ತಿರುಪನ್ನೂ ಚಿತ್ರಿಸಿದೀನಿ. ಅದನ್ನ ಇಳಿಸೋಕೊಂದು ಗುಂಡಿ! ಅಡುಗೆ ಭಟ್ಟನ ಮುಂದೆ ಉಪವಾಸದ ಮಹಿಮೆ ಹೇಳಿದ ಹಾಗೆ.”

“ಇವತ್ತು ಎಷ್ಟೊತ್ತಿಗೆ ಬಂದೆ?”

“ಒಂಬತ್ತಕ್ಕೆ.”

ಕೆಳಗೆ ಕಾವಲುಗಾರನ ಪುಸ್ತಕದಲ್ಲಿ ಬೇರೆಯದೇ ಬರೆದಿತ್ತು: ಏಳು ನಲವತ್ತು. ಒಂಬತ್ತಕ್ಕೆ ಮೊದಲು ಆ ಬಾಗಿಲು ದಾಟಿದವನು ಅವನೊಬ್ಬನೇ.

“ಅವನೇ, ಅಲ್ವಾ ದೊಡ್ಡಪ್ಪ?” ಹುಡುಗಿ ಪಿಸುಗುಟ್ಟಿದಳು.

“ಸುಳ್ಳು ಹೇಳಿದ್ದಾನೆ. ಅಷ್ಟೇ ಗೊತ್ತಾಗಿದ್ದು. ಸುಳ್ಳು ಹೇಳಿದವರನ್ನೆಲ್ಲ ಹಿಡಿದಿದ್ರೆ ನಮ್ಮ ಠಾಣೇಲಿ ನಿಲ್ಲೋಕೂ ಜಾಗ ಇರ್ತಿರ್ಲಿಲ್ಲ.”

* * *

ಯಜಮಾನರ ಕೋಣೆ ಒಪ್ಪವಾಗಿತ್ತು. ಗಾಜಿಲ್ಲದ ಕಪಾಟಿನಲ್ಲಿ ಆರು ಭಾಗಗಳ ಆರು ಡಬ್ಬಿಗಳು, ಮೇಲೆ ತೆಳುವಾದ ಧೂಳು. ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದು ಹಾಳೆ. ಮೊದಲ ಭಾಗದ ನಕ್ಷೆ. ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿದ್ದು. ದೊಡ್ಡಪ್ಪ ಅದರ ಮುಂದೆ ಬಹಳ ಹೊತ್ತು ನಿಂತರು.

“ಇಪ್ಪತ್ತೆರಡು ವರ್ಷ ಆಯ್ತು. ಒಬ್ಬನೇ ಕೂತು ಮಾಡಿದ್ದು” ಎಂದರು ಯಜಮಾನರು. ಬಿಳಿ ಕೂದಲು, ಮೆಲುದನಿ. “ಈಗ ಆಡೋದು ಬಿಟ್ಟು ಎಷ್ಟೋ ಕಾಲವಾಯ್ತು. ಬೆರಳಿನ ಗಂಟು ಬಗ್ಗಲ್ಲ.”

“ಹುಡುಗಿಯ ಸೇತುವೆ ನೋಡಿದ್ರಾ?”

“ಇಲ್ಲ. ನಾಲ್ಕು ಗಂಟೆಗೆ ಎಲ್ಲರ ಜೊತೆ ನೋಡೋಣ ಅಂತಿದ್ದೆ.”

“ನಾಲ್ಕನೇ ಭಾಗ ಮಾತ್ರ ಬೇರೆ ಥರ ಇತ್ತಂತೆ?”

ಯಜಮಾನರು ಕಿಟಕಿಯತ್ತ ತಿರುಗಿದರು. “ಹೊಸದು ಮಾಡೋ ಹುಚ್ಚು ನನಗೂ ಇತ್ತು. ಗುಂಡು ಕಡಿಮೆ ಮಾಡಿದೆ, ನಡಿಗೆ ಹೆಚ್ಚು ಮಾಡಿದೆ. ಯಾರೂ ಕೊಳ್ಳಲಿಲ್ಲ. ಹನ್ನೆರಡು ಜನರನ್ನ ಮನೆಗೆ ಕಳಿಸಬೇಕಾಯ್ತು. ಒಬ್ಬೊಬ್ಬರಿಗೂ ನಾನೇ ಹೇಳಿದೆ. ಐದನೇದರಿಂದ ಹಳೇ ದಾರಿ.”

“ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕ್ಕೋಬಾರದು ಅಂತಾರೆ.”

“ನೆರಳಲ್ಲಿ ಕೂತ್ಕೋಬಹುದಲ್ಲ? ಮೂವತ್ತು ಜನ ಕೂತಿದ್ದಾರೆ.”

ದೊಡ್ಡಪ್ಪ ನಕ್ಷೆಯನ್ನು ಮತ್ತೊಮ್ಮೆ ನೋಡಿ ಹೊರಟರು.

* * *

ಆಟ ಪರೀಕ್ಷಿಸುವ ಕೋಣೆಯಲ್ಲಿ ಒಂದು ಹಳೆಯ ಯಂತ್ರ. ಐದನೆಯ ಭಾಗದ ಕಾಲದಲ್ಲಿ ತಂದದ್ದು. ಕಚೇರಿಯಲ್ಲಿ ಯಾರು ಆಟವಾಡಿದರೂ ಅವರ ಕಣ್ಣಿಗೆ ಕಂಡದ್ದನ್ನೆಲ್ಲ ತನ್ನ ಪಾಡಿಗೆ ತಾನು ಚಿತ್ರ ಹಿಡಿದಿಡುತ್ತದೆ. ತಪ್ಪು ಹುಡುಕುವವರಿಗೆ ಬಿಟ್ಟರೆ ಉಳಿದವರಿಗೆ ಅದರ ನೆನಪೇ ಇಲ್ಲ.

ಕೊನೆಯ ಚಿತ್ರ ಇಂದು ಬೆಳಿಗ್ಗೆಯದು. ಎಂಟು ಹತ್ತರಿಂದ ಎಂಟು ನಲವತ್ತೈದರವರೆಗೆ.

“ತೆಗೆಯೋಕೆ ಮುಂಚೆ ಆಡಿದ್ದಾನೆ!” ಎಂದಳು ಹುಡುಗಿ.

ಪರದೆಯ ಮೇಲೆ ಕಲ್ಲಿನ ಮೆಟ್ಟಿಲು. ಬಲಕ್ಕೆ ಸಾಲು ದೀಪದ ಕಂಬ. ಕಾಣದ ಆಟಗಾರ ನಿಧಾನವಾಗಿ ಹತ್ತಿದ. ಒಂದನೆಯ ದೀಪ. ಎರಡನೆಯ ದೀಪ. ಮೂರನೆಯ ದೀಪದ ಬಳಿ ತಟ್ಟನೆ ತಲೆ ತಗ್ಗಿಸಿ ಕುಳಿತ. ಗೋಡೆಗೆ ಒತ್ತಿಕೊಂಡು ನಾಲ್ಕು ಮೆಟ್ಟಿಲು ತೆವಳಿದ. ಮತ್ತೆ ಎದ್ದು ನಡೆದ.

“ಅಲ್ಲಿ ಯಾಕೆ ಬಗ್ಗಿದ?”

“ಗೊತ್ತಿಲ್ಲ. ಅಲ್ಲಿ ಯಾರೂ ಇಲ್ಲ. ಯಾರೋ ಆಡೋಕೆ ಬರದೋನು.”

“ಬರದೋನು ಎಲ್ಲಾ ಕಡೆ ಎಡವ್ತಾನೆ ಪುಟ್ಟಿ. ಇವನು ಒಂದೇ ಕಡೆ ಬಗ್ಗಿದ. ಮೆಟ್ಟಿಲು ನೀನೇ ಕಟ್ಟಿದ್ದಾ?”

“ಇಲ್ಲ, ಮೊದಲನೇ ಭಾಗದ ಮೆಟ್ಟಿಲನ್ನೇ ತಗೊಂಡೆ. ಹಳೇ ಆಟಗಾರರಿಗೆ ಮನೆಗೆ ಬಂದ ಹಾಗಿರ್ಲಿ ಅಂತ.”

“ಮೊದಲನೇ ಭಾಗದಲ್ಲಿ ಅಲ್ಲಿ ಯಾರಾದ್ರೂ ಇದ್ರಾ?”

“ನೂರು ಸಲ ಆಡಿದ್ದೀನಿ. ಬರೀ ಗೋಡೆ.”

ಚಿತ್ರ ಸಾಗಿತು. ಸೇತುವೆ ಬಂತು. ಮಂಜಿನಾಚೆ ಶತ್ರು. ಆಟಗಾರ ಬಂದೂಕು ಇಳಿಸಿದ. ಅವನೂ ಇಳಿಸಿದ. ಇಬ್ಬರೂ ದಾಟಿದರು. ಆಮೇಲೆ ಏನೂ ಆಗಲಿಲ್ಲ. ಇಪ್ಪತ್ತು ನಿಮಿಷ ಆಟಗಾರ ಸುಮ್ಮನೆ ನಿಂತು, ಹರಿಯುವ ನೀರನ್ನು ನೋಡುತ್ತಿದ್ದ.

ದೊಡ್ಡಪ್ಪ ಎದ್ದರು. ಮುಖ ಅರಳಿತ್ತು.

“ಸಮಾಧಾನ ಮಾಡ್ಕೋ ಮಗಳೇ. ನಿನ್ನ ಸೇತುವೆ ಎಲ್ಲೋ ಬದುಕಿದೆ. ಇಪ್ಪತ್ತು ನಿಮಿಷ ಹೀಗೆ ನಿಂತೋನು ಅದನ್ನ ಕೊಲ್ಲಲ್ಲ.”

* * *

ಎರಡೂವರೆಗೆ ಎಲ್ಲರೂ ದೊಡ್ಡ ಪರದೆಯ ಮುಂದೆ ಸೇರಿದರು. ಯಜಮಾನರು, ಗಡಿಯಾರಕ್ಕ, ಕೋವಿಯಣ್ಣ.

“ಮೊದಲು ನೀನು” ಎಂದರು ದೊಡ್ಡಪ್ಪ ಕೋವಿಯಣ್ಣನಿಗೆ. “ಏಳು ನಲವತ್ತಕ್ಕೆ ಬಂದು ಏನು ಮಾಡ್ತಿದ್ದೆ? ನಾನು ಬಂದ ತಕ್ಷಣ ಏನು ಮುಚ್ಚಿಟ್ಟೆ?”

ಮೀಸೆಯ ಹಿಂದೆ ಮುಖ ಕೆಂಪಾಯಿತು. ಎದ್ದು ಹೋಗಿ ಒಂದು ಚಿತ್ರ ತಂದು ತೋರಿಸಿದ. ಕೆಳಮುಖವಾದ ಬಂದೂಕು, ಅದನ್ನು ಹಿಡಿದ ಸಡಿಲ ಬೆರಳುಗಳು.

“ಹದಿನೈದು ವರ್ಷದಲ್ಲಿ ಇಳಿಸಿದ ಬಂದೂಕು ಹೇಗೆ ಕಾಣುತ್ತೆ ಅಂತ ಯಾರೂ ಕೇಳಿರ್ಲಿಲ್ಲ ಸಾರ್. ಇವಳು ಹಾಕಿಕೊಂಡಿದ್ದು ಸರಿಯಿರ್ಲಿಲ್ಲ, ಕೈ ಕಟ್ಟಿಗೆ ಥರ ಇತ್ತು. ಒಂದು ವಾರದಿಂದ ಬೇಗ ಬಂದು ಬಿಡಿಸ್ತಿದ್ದೆ. ಬೈದ ಬಾಯಲ್ಲೇ ಹೇಗೆ ಹೇಳೋದು?”

“ಅಯ್ಯೋ ಅಣ್ಣಾ!” ಎಂದಳು ಹುಡುಗಿ.

“ಸರಿ. ಈಗ ಮೊದಲನೇ ಭಾಗ ಆಡು ಪುಟ್ಟಿ. ಮೆಟ್ಟಿಲಿನಿಂದ.”

ಪರದೆಯ ಮೇಲೆ ಅದೇ ಮೆಟ್ಟಿಲು, ಮಂಕು ಬಣ್ಣದಲ್ಲಿ. ಎಲ್ಲರೂ ಪರದೆ ನೋಡುತ್ತಿದ್ದರು. ದೊಡ್ಡಪ್ಪ ಮಾತ್ರ ನೋಡುವವರನ್ನು ನೋಡುತ್ತಿದ್ದರು. ಒಂದನೆಯ ದೀಪ. ಎರಡನೆಯ ದೀಪ. ಹುಡುಗಿ ಮೂರನೆಯದರ ಕೆಳಗೆ ನೆಟ್ಟಗೆ ನಡೆದಳು. ಗಡಿಯಾರಕ್ಕ ಆಕಳಿಸಿದರು. ಕೋವಿಯಣ್ಣ ಮೀಸೆ ಸವರಿದ.

ಯಜಮಾನರ ತಲೆ ಬಗ್ಗಿತು.

ಅರೆಗಳಿಗೆ, ಅಷ್ಟೇ. ಕಲ್ಲು ತೂರಿ ಬಂದಾಗ ಬಗ್ಗುವ ಹಾಗೆ.

“ಯಜಮಾನ್ರೇ, ಅಲ್ಲಿ ಯಾರಿದ್ರು?”

ಉತ್ತರಕ್ಕೆ ಕಾಯದೆ ದೊಡ್ಡಪ್ಪನೇ ಮುಂದುವರಿಸಿದರು.

“ಅಂಗಡಿಗೆ ಬಂದ ಆಟದಲ್ಲಿ ಅಲ್ಲಿ ಬರೀ ಗೋಡೆ. ಆದ್ರೆ ನಿಮ್ಮ ಗೋಡೆಯ ಮೇಲಿನ ನಕ್ಷೇಲಿ ಮೂರನೇ ದೀಪದ ಎದುರು ಒಂದು ಕಿಟಕಿ ಇದೆ. ಬರೆದು ಹೊಡೆದುಹಾಕಿದ ಕಿಟಕಿ. ಅದು ಇದ್ದಿದ್ದು ಗೊತ್ತಿರೋದು ಕಟ್ಟಿದವನೊಬ್ಬನಿಗೇ. ಬೆಳಿಗ್ಗೆ ಆಡಿದವನು ಅಲ್ಲೇ ಬಗ್ಗಿದ. ಕಾವಲುಗಾರನ ಪುಸ್ತಕದಲ್ಲಿ ಅವನ ಹೆಸರಿಲ್ಲ, ಯಾಕಂದ್ರೆ ಅವನು ಒಳಮೆಟ್ಟಿಲಿಳಿದು ಬಂದ. ಚಿತ್ರ ಹಿಡಿಯೋ ಯಂತ್ರ ಅವನಿಗೆ ನೆನಪಿರ್ಲಿಲ್ಲ, ಯಾಕಂದ್ರೆ ಅದು ಬರೋ ಹೊತ್ತಿಗೆ ಅವನು ಆಡೋದೇ ಬಿಟ್ಟಿದ್ದ. ಕಪಾಟಿನಲ್ಲಿ ಐದು ಡಬ್ಬಿಗಳ ಮೇಲೆ ಧೂಳಿದೆ. ಮೊದಲನೇದರ ಮೇಲೆ ಬೆರಳ ಗುರುತಿದೆ.”

ಹುಡುಗಿ ಓಡಿದಳು. ಮೊದಲ ಭಾಗದ ಡಬ್ಬಿ ತೆರೆದಳು. ಒಳಗೆ ಹೆಬ್ಬೆರಳಿನಷ್ಟು ಗಾತ್ರದ ಪೆನ್‌ಡ್ರೈವ್. ಅದರೊಳಗೆ ಸೇತುವೆ, ಒಂದು ಕಂಬವೂ ಅಲುಗದೆ.

“ಕಿಟಕೀಲಿ ಗುರಿಯಿಟ್ಟು ಗುಂಡು ಹೊಡೆಯೋನೊಬ್ಬ ಇದ್ದ” ಎಂದರು ಯಜಮಾನರು ಕೊನೆಗೆ. “ಆಟ ಹೊರಬರೋ ಹಿಂದಿನ ವಾರ ತೆಗೆದೆ. ಬಹಳ ಕಷ್ಟ ಆಗ್ತಿತ್ತು. ನಾನೇ ಹುಟ್ಟಿಸಿ, ಅವನ ಕೈಲಿ ಸಾವಿರ ಸಲ ಸತ್ತಿದ್ದೀನಿ. ತಲೆ ಮರೆತರೂ ಕತ್ತು ಮರೆತಿಲ್ಲ ನೋಡಿ.”

“ಬೇಡ ಅಂದಿದ್ರೆ ಸಾಕಿತ್ತಲ್ಲ ಸಾರ್?” ಹುಡುಗಿಯ ಕಣ್ಣಲ್ಲಿ ಈಗ ನೀರಿತ್ತು. “ನೀವೇ ತಾನೇ ಕಟ್ಟು ಅಂದಿದ್ದು?”

“ಬೇಡ ಅನ್ನೋಕೇ ಇಳಿದು ಬಂದೆ ತಾಯಿ. ಆಡಿದ ಮೇಲೆ ಬಾಯಿ ಬರ್ಲಿಲ್ಲ. ಅಷ್ಟು ಚೆನ್ನಾಗಿದೆ. ನಾಲ್ಕನೇದೂ ಚೆನ್ನಾಗೇ ಇತ್ತು.” ಅವರು ಗಡಿಯಾರಕ್ಕನ ಕಡೆ, ಕೋವಿಯಣ್ಣನ ಕಡೆ ನೋಡಿದರು. “ಮತ್ತೆ ಹನ್ನೆರಡು ಜನರ ಮುಂದೆ ನಿಂತು ಆ ಮಾತು ಹೇಳೋ ಶಕ್ತಿ ನನಗಿಲ್ಲ. ನಿನ್ನ ತಪ್ಪಿಲ್ಲ. ನನ್ನ ಭಯ. ಕ್ಷಮಿಸು. ನಿಮ್ಮ ಹೆಸರು ಬಳಸಿದ್ದಕ್ಕೆ ನೀವೂ ಕ್ಷಮಿಸಿ ಅಕ್ಕ.”

ಗಡಿಯಾರಕ್ಕ ಎದ್ದರು. “ಆ ಹನ್ನೆರಡರಲ್ಲಿ ನಾನೂ ಒಬ್ಬಳು ಸಾರ್. ಐದನೇ ಭಾಗಕ್ಕೆ ಮತ್ತೆ ಕರೆದಿರಿ. ನನ್ನ ಕೇಳಿದ್ರೆ, ಆ ನಾಲ್ಕನೇದೊಂದೇ ನಾನು ಮನೇಲಿ ಇಟ್ಕೊಂಡಿರೋದು.” ಗೋಡೆಯ ಗಡಿಯಾರ ನೋಡಿದರು. “ಮೂರೂಕಾಲು. ಅಳೋದಕ್ಕೆ ಪಟ್ಟೀಲಿ ಜಾಗ ಇಲ್ಲ. ಏಳಿ.”

ನಾಲ್ಕು ಗಂಟೆಗೆ ಕಂಪನಿಯವರು ಬಂದರು. ಯಾರು ಆಡಿ ತೋರಿಸುತ್ತೀರಿ ಎಂದು ಕೇಳಿದರು.

“ನಾನು” ಎಂದರು ಯಜಮಾನರು. ಬೆರಳುಗಳು ಬಗ್ಗಿದವು.

* * *

ಐದು ತಿಂಗಳ ನಂತರ ದೊಡ್ಡಪ್ಪನ ಮನೆಗೆ ಒಂದು ಡಬ್ಬಿ ಬಂತು. ಜೊತೆಗೆ ತಮ್ಮನ ಮಗಳೂ ಬಂದಳು, ಆಡುವ ಯಂತ್ರವನ್ನು ಟಿವಿಗೆ ಜೋಡಿಸಲು. ಆಟ ಹೇಗೆ ಹೋಗುತ್ತಿದೆ ಎಂದು ಕೇಳಿದರೆ, ಕೆಲವರು ಬೈಯುತ್ತಿದ್ದಾರೆ, ಹಲವರು ದಾಟುತ್ತಿದ್ದಾರೆ ಎಂದಳು. ಯಾರನ್ನೂ ಮನೆಗೆ ಕಳಿಸಿರಲಿಲ್ಲ.

ದೊಡ್ಡಪ್ಪ ಎರಡು ಸಲ ಗೋಡೆಗೆ ಡಿಕ್ಕಿ ಹೊಡೆದರು. ಒಂದು ಸಲ ಆಕಾಶಕ್ಕೆ ಗುಂಡು ಹಾರಿಸಿದರು.

“ಇಲಾಖೆ ಮಾನ ಕಳೀಬೇಡಿ ದೊಡ್ಡಪ್ಪ.”

“ಸುಮ್ನಿರೇ.”

ಕೊನೆಗೆ ಮೆಟ್ಟಿಲು ಸಿಕ್ಕಿತು. ಒಂದನೆಯ ದೀಪ. ಎರಡನೆಯ ದೀಪ. ಮೂರನೆಯದರ ಕೆಳಗೆ ಬರುತ್ತಲೇ ಗೋಡೆಯಲ್ಲಿ ಒಂದು ಕಿಟಕಿ ಕಂಡಿತು.

“ಯಜಮಾನ್ರು ಅದನ್ನ ವಾಪಸ್ ಹಾಕಿಸಿದ್ರು” ಎಂದಳು ಹುಡುಗಿ. “ಬಗ್ಗಿ ನೋಡಿ.”

ದೊಡ್ಡಪ್ಪ ಗುಂಡಿ ಹುಡುಕಿ ಒತ್ತಿದರು. ಆಟಗಾರನ ತಲೆ ತಗ್ಗಿತು. ಗುಂಡು ಹಾರಲಿಲ್ಲ. ಕಿಟಕಿಯಲ್ಲಿ ಒಬ್ಬ ಮುದುಕ ಕಾಣಿಸಿಕೊಂಡ. ಕೈ ಬರಿದಾಗಿತ್ತು. ಆತ ಇವರನ್ನು ನೋಡಿ, ಹಳೆಯ ಪರಿಚಯದವನಂತೆ, ನಿಧಾನವಾಗಿ ತಾನೂ ತಲೆ ಬಾಗಿಸಿದ.

ದೊಡ್ಡಪ್ಪ ಕುರ್ಚಿಯಲ್ಲೇ ಕುಳಿತು, ಇನ್ನೊಮ್ಮೆ ತಲೆ ಬಾಗಿಸಿದರು. ಈ ಸಲ ಯಾವ ಗುಂಡಿಯನ್ನೂ ಒತ್ತಲಿಲ್ಲ.