ಪಕ್ಕದ ಹಳಿಗೆ ಚಾಚಿದ ಪೈಪು

ಜೀಪಿನ ಬಂಪರ್ ನನ್ನ ಬೈಕಿನ ಹಿಂದಿನ ಗಾಲಿಗೆ ತಾಕಿತು!

ಬೈಕು ಓಲಾಡಿತು. ಆಕ್ಸಿಲರೇಟರ್ ತಿರುವಿದೆ. ಬಲಕ್ಕೆ ಹತ್ತಿ ಹೊಲ. ಎಡಕ್ಕೆ ಜೋಡಿ ಹಳಿ. ಆಚೆ ಹಳಿಯ ಮೇಲೆ ಗದಗ ಬಿಟ್ಟು ಹುಬ್ಬಳ್ಳಿ ಕಡೆ ಹೊರಟ ಗೂಡ್ಸ್ ಗಾಡಿ. ಈಚೆ ಹಳಿ ಖಾಲಿ...

ಸದ್ಯಕ್ಕೆ!

"ನಿಂದ್ರ ಮಮತಾ! ಇಲ್ಲಾಂದ್ರ ಇಲ್ಲೇ ಹೂಳತೇನಿ!"

ಭೀಮೇಶ. ಆ ಗೂಡ್ಸಿನಲ್ಲಿ ಬಾಯ್ಲರ್ ಕಳಿಸ್ತಿದ್ದ ಕಾಂಟ್ರಾಕ್ಟರನ ಬಲಗೈ.

ಭಾರೀ ಯಂತ್ರಗಳಿಗೆ ರೈಲಿನ ದಾರಿ ಹೊಂದಿಸಿಕೊಡೋದು ನನ್ನ ದಂಧೆ ನೋಡ್ರಿ. ಯಾವ ಲೈನು, ಯಾವ ಸೇತುವೆ, ಎಷ್ಟು ಅಗಲ... ಅಳತೆ ಮಾಡಿಸಿ ಪರವಾನಗಿ ತರ್ತೀನಿ. ಈ ಬಾಯ್ಲರಿನ ಅಳತೆ ಸರಿಯಿತ್ತು. ಅಳತೆ ಮುಗಿದ ಮೇಲೆ ಭೀಮೇಶ ಬಾಯ್ಲರಿಗೆ ಹೊದಿಸಿದ ತಾಡಪತ್ರಿಯ ಕೆಳಗೆ ಕಬ್ಬಿಣದ ಪೈಪು ತುರುಕಿದ್ದ. ಇನ್ನೊಂದು ವ್ಯಾಗನಿನ ಬಾಡಿಗೆ ಉಳಿಸೋಕೆ!

ಗಾಡಿ ಹೊರಟಾಗ ಕಂಡೆ. ಹಗ್ಗ ಸಡಿಲಾಗಿ ಒಂದು ಪೈಪು ಪಕ್ಕದ ಹಳಿ ಕಡೆ ಜಾರುತ್ತಿತ್ತು. ಫೋನು ತೆಗೆದೆ. ಭೀಮೇಶ ಕಸಿದು ನೆಲಕ್ಕೆ ಬಡಿದ.

ಅದೇ ಹಳಿಯಲ್ಲಿ ಎದುರಿನಿಂದ ಪ್ಯಾಸೆಂಜರ್ ಗಾಡಿ ಬರೋದಿತ್ತು. ಸೀಟು ಸಿಗದೆ ನಿಂತವರನ್ನೂ ತುಂಬಿಕೊಂಡು!

ಈಗ ಬೈಕು ಓಡಿಸಿ ಗೂಡ್ಸಿನ ಎಂಜಿನ್ ಪಕ್ಕ ಬಂದೆ. ಡ್ರೈವರ್‌ಗೆ ಕೈ ಬೀಸಿದೆ.

ಅವನೂ ಕೈ ಬೀಸಿದ!

ಮುಂದೆ ಲೆವೆಲ್ ಕ್ರಾಸಿಂಗ್. ಗೇಟು ಬಿದ್ದಿತ್ತು. ಬೈಕು ಬಿಸಾಕಿ ಕೆಳಗಿಂದ ನುಸುಳಿದೆ. ಗೇಟು ಕಾಯೋ ಉಡಚವ್ವ ಹಸಿರು ಝಂಡಾ ಹಿಡಿದು ನಿಂತಿದ್ದಳು.

"ಎರಡೂ ಗಾಡಿ ನಿಂದ್ರಸ್ರಿ!"

"ಯಾರ ಆರ್ಡರ್ರೀ?"

"ಪೈಪು ಹೊರಗ ಬಂದೈತಿ! ಪ್ಯಾಸೆಂಜರ್ ಬೋಗಿ ಸೀಳತೈತಿ!"

ಮತ್ತೆ ಕೇಳಲಿಲ್ಲ ಪುಣ್ಯಾತಗಿತ್ತಿ. ಒಂದು ಕೆಂಪು ಝಂಡಾ ನನ್ನತ್ತ ಎಸೆದಳು. ಇನ್ನೊಂದು ಹಿಡಿದು ಪ್ಯಾಸೆಂಜರ್ ಬರುವ ಕಡೆ ಓಡಿದಳು.

ನಾನು ಗೂಡ್ಸಿನ ಎದುರು, ಹಳಿಗಳ ನಡುವೆ ನಿಂತೆ. ಕಾಲ ಕೆಳಗೆ ನೆಲ ನಡುಗುತ್ತಿತ್ತು.

ಹಿಂದಿನಿಂದ ಭೀಮೇಶ ನನ್ನ ತೋಳು ತಿರುಚಿದ.

"ಝಂಡಾ ಬಿಡು!"

"ನೀ ಬಿಡಲೇ!"

ಅವನ ಮಣಿಕಟ್ಟು ಕಚ್ಚಿದೆ. ರಕ್ತ ಬಂತು. ಝಂಡಾ ಬೀಸಿದೆ... ಬೀಸುತ್ತಲೇ ಇದ್ದೆ...

ಹಾರ್ನ್! ಬ್ರೇಕಿನ ಚೀರಾಟ!

ಎಂಜಿನ್ ನನ್ನ ಮುಂದೆಯೇ ನಿಂತಿತು. ಪಕ್ಕದ ಹಳಿಯಲ್ಲಿ ಪ್ಯಾಸೆಂಜರ್ ಗೇಟು ದಾಟಿ ಬಂದು, ತೆವಳಿ, ಅದೂ ನಿಂತಿತು. ಪೈಪಿನ ತುದಿಗೂ ಅದರ ಎಂಜಿನ್ ಗಾಜಿಗೂ ನಡುವೆ ಒಂದೇ ಮೊಳ!

"ಏನೂ ಆಗಿಲ್ಲಲ್ಲ..." ಭೀಮೇಶ ತೊದಲಿದ. "ಪೈಪು ಒಳಗ ತಳ್ಳಿ ಬಿಟ್ಟಬಿಡೂಣು..."

ಗೂಡ್ಸ್ ಡ್ರೈವರ್ ಇಳಿದು ಬಂದು ಪೈಪು ನೋಡಿದ. ಭೀಮೇಶನ ಕಾಲರ್ ಹಿಡಿದ. ರೈಲ್ವೆ ಪೊಲೀಸರು ಬರೋತನಕ ಬಿಡಲಿಲ್ಲ.

ನಾನು ಜಲ್ಲಿಕಲ್ಲಿನ ಮೇಲೆ ಕುಸಿದೆ.

ಪ್ಯಾಸೆಂಜರಿನ ಬಾಗಿಲಿನಿಂದ ಅರ್ಧ ಮೈ ಹೊರಗೆ ಚಾಚಿ ಯಜಮಾನನೊಬ್ಬ ಕೂಗಿದ.

"ಯಾರವಾ ಗಾಡಿ ನಿಂದ್ರಿಸಿದಾಕಿ? ನನ್ನ ಮುಂಡರಗಿ ಬಸ್ ತಪ್ಪತೈತಿ!"

"ಮುಂಡರಗಿಗಿ ಇನ್ನೊಂದು ಬಸ್ ಐತ್ರೀ ಯಜಮಾನ್ರ... ತಲಿ ಒಂದ ಐತಿ. ಒಳಗ ತಗೋರಿ!"