ಹಾಡಿನಲ್ಲಿ ಉಳಿದ ಮಾತು

ಒಣ ಟವೆಲ್ಲು ತರಲೆಂದು ಹೋಗಿದ್ದ ಸೊಸೆ ಬಚ್ಚಲಿನ ಬಾಗಿಲ ಬಳಿ ಕಂಬದಂತೆ ನಿಂತುಬಿಟ್ಟಳು. ಒಳಗೆ ಅತ್ತೆ ಹಾಡುತ್ತಿದ್ದಳು! ಬರೀ ರಾಗವಲ್ಲ, ಗುನುಗುವುದಲ್ಲ... ಒಂದೊಂದು ಮಾತೂ ಬಿಡಿಸಿಟ್ಟಂತೆ, ಪೂರ್ತಿ ಒಂದು ಚರಣ!

"ಹೊಳೆಯ ನಡುವೆ ಕಾಲು ಸೋತರೆ ತೋಳು ಚಾಚುವ ತಂದೆಯೇ..."

ಐದು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು, ಬಲಗೈಯ ಜೊತೆಗೆ ಮಾತನ್ನೂ ಕಳೆದುಕೊಂಡ ಹೆಂಗಸು ಅವಳು. "ಆ... ಆ..." ಎನ್ನುವುದರಾಚೆ ಆ ಬಾಯಿಂದ ಒಂದಕ್ಷರ ಹೊರಟಿರಲಿಲ್ಲ. ಅವಳನ್ನು ಎಬ್ಬಿಸಿ, ಕೂರಿಸಿ, ತಿನ್ನಿಸಿ, ತೊಳೆಯಲೆಂದೇ ಸೊಸೆ ಕನ್ನಡಕದ ಅಂಗಡಿಯ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಳು. ಗಾಜು ಉಜ್ಜುವುದರಲ್ಲಿ ಅವಳನ್ನು ಮೀರಿಸುವವರು ಆ ಅಂಗಡಿಯಲ್ಲಿ ಇರಲಿಲ್ಲ. ಕೂದಲೆಳೆಯಷ್ಟು ಗೀರಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಮಾಲೀಕರು ಅವಳ ಜಾಗವನ್ನು ಈ ತಿಂಗಳ ಕೊನೆಯವರೆಗೆ ಮಾತ್ರ ಖಾಲಿ ಇಡುವುದಾಗಿ ಹೇಳಿದ್ದರು.

ಈಗ ಆ ಕಣ್ಣು ಅತ್ತೆಯ ಮೇಲೆ ಬಿತ್ತು. ಬೀಳದೆ ಇರುತ್ತದೆಯೇ? ಮೂವತ್ತು ವರ್ಷ ಚರ್ಚಿನ ಗಾಯನ ತಂಡವನ್ನು ಬೆರಳ ತುದಿಯಲ್ಲಿ ಕುಣಿಸಿದ ಅತ್ತೆ, ಮನೆಯಲ್ಲಿ ಸೊಸೆಯನ್ನು ನಾಲಿಗೆಯ ತುದಿಯಲ್ಲಿ ಕುಣಿಸಿದವಳು. ಸೊಸೆ ಕೆಲಸಕ್ಕೆ ಹೊರಟ ದಿನದಿಂದ ಅವಳದು ಒಂದೇ ಪಲ್ಲವಿ: "ಹೊಸಿಲು ದಾಟಿದ ಹೆಂಗಸಿಗೆ ಮನೆ ಎಲ್ಲಿ ಕಾಣುತ್ತೆ?" ಕಾಯಿಲೆಯೂ ಬಂದದ್ದು ಯಾವಾಗ? ಸೊಸೆಗೆ ಅಂಗಡಿಯಲ್ಲಿ ಬಡ್ತಿ ಸಿಕ್ಕ ವಾರವೇ! ಸೊಸೆ ಟವೆಲ್ಲನ್ನು ಎದೆಗೆ ಒತ್ತಿ ಹಿಡಿದು ಎಲ್ಲವನ್ನೂ ಕೂಡಿಸಿ ನೋಡಿದಳು.

"ನಿಮ್ಮಮ್ಮನಿಗೆ ಮಾತು ಬರುತ್ತೆ ಕಣ್ರಿ," ಎಂದಳು ಸಂಜೆ ಗಂಡನಿಗೆ.

"ಏನು?"

"ಬರುತ್ತೆ ಅಂದೆ. ಬಚ್ಚಲಲ್ಲಿ ಹಾಡ್ತಿದ್ರು. ಒಂದು ಕಡೆನೂ ತೊದಲಲಿಲ್ಲ."

ಇಡೀ ದಿನ ಬಸ್ಸು ಓಡಿಸಿ ದಣಿದಿದ್ದ ಗಂಡ ಬೂಟು ಬಿಚ್ಚುತ್ತಾ ನಿಟ್ಟುಸಿರಿಟ್ಟ. "ಪಕ್ಕದ ಮನೆ ರೇಡಿಯೋ ಇರಬೇಕು."

"ನಿಮ್ಮಮ್ಮನ ದನಿ ನನಗೆ ಗೊತ್ತಿಲ್ವಾ? ಹನ್ನೊಂದು ವರ್ಷ ಬೈಸ್ಕೊಂಡಿದೀನಿ!"

"ಸಂಶಯಕ್ಕೆ ಮದ್ದಿಲ್ಲ ಕಣೇ," ಎಂದು ಅವನು ಎದ್ದು ಹೋದ.

ಅಲ್ಲಿಂದ ಶುರುವಾಯಿತು ಪರೀಕ್ಷೆ. ಬಾಗಿಲ ಸಂದಿಯಲ್ಲಿ ಇಣುಕಿದಳು. ಹಿಂದಿನಿಂದ ಹೋಗಿ ಥಟ್ಟನೆ ಕೂಗಿದಳು. ಕೊನೆಗೊಂದು ಬೆಳಿಗ್ಗೆ, ಹೇಳಲು ನಾಚಿಕೆಯಾಗುತ್ತದೆ, ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಬೆರೆಸಿ ಕೊಟ್ಟಳು. ಈಗಲಾದರೂ ಬೈಗುಳ ಹೊರಡುತ್ತದೆ ಎಂದು ಕಾದಳು. ಅತ್ತೆ ಒಂದು ಗುಟುಕು ಕುಡಿದು ಸೊಸೆಯ ಮುಖವನ್ನೇ ನೋಡಿದಳು. "ಆ..." ಎಂದಳು. ಕಣ್ಣಲ್ಲಿ ನೀರು ತುಂಬಿತು. ಪಾಪ ಎನ್ನಿಸಬೇಕಿತ್ತು, ಅಲ್ಲವೇ? 'ಎಂಥಾ ಗಟ್ಟಿಗಿತ್ತಿ!' ಎನ್ನಿಸಿತು ಸೊಸೆಗೆ.

ಭಾನುವಾರ ಆರಾಧನೆ ಮುಗಿಸಿ ಪಾಸ್ಟರ್ ಬಂದರು, ಜೊತೆಗೆ ಗಾಯನ ತಂಡದ ನಾಲ್ವರು ಹೆಂಗಸರು. ಪ್ರಾರ್ಥನೆಯಾಯಿತು. "ಎಂಥಾ ಕಂಠ ಹೀಗೆ ಮೂಕಾಯ್ತಲ್ಲಾ!" ಎಂದು ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಗಲು ಹೊತ್ತು ನಾವು ಸರದಿ ಮೇಲೆ ಬಂದು ಕೂರ್ತೀವಮ್ಮ, ನೀನು ಕೆಲಸಕ್ಕೆ ಹೋಗು," ಎಂದಳು ಇನ್ನೊಬ್ಬಳು. ಇದೂ ಅತ್ತೆಯದೇ ಹೂಟ, ಸೊಸೆ ಮುದುಕಿಯನ್ನು ಬೇರೆಯವರ ಕೈಗೆ ಒಪ್ಪಿಸಿದಳೆಂದು ಊರೆಲ್ಲ ಆಡಿಕೊಳ್ಳಲಿ ಎಂದು! ಸೊಸೆಯ ತಾಳ್ಮೆಯ ಕಟ್ಟೆ ಒಡೆಯಿತು.

"ಯಾರೂ ಅಳಬೇಡಿ! ಇವರಿಗೆ ಏನೂ ಆಗಿಲ್ಲ! ಬಚ್ಚಲಲ್ಲಿ ಚರಣಕ್ಕೆ ಚರಣ ಹಾಡ್ತಾರೆ! ಹಾಡೋ ಬಾಯಿಗೆ ಮಾತಾಡೋಕೇನು ಕಷ್ಟ? ಹೇಳಿ ಅತ್ತೆ... ಎಲ್ಲರ ಮುಂದೆ ಹೇಳಿ! ಇದು ನಾಟಕ ಅಲ್ಲ ಅಂತ ಬಾಯಿಬಿಟ್ಟು ಹೇಳಿ!"

ಅತ್ತೆ ಬಾಯಿ ತೆರೆದಳು. ಕತ್ತಿನ ನರ ಉಬ್ಬಿತು, ತುಟಿ ಒಂದು ಕಡೆಗೆ ಸೊಟ್ಟಗಾಯಿತು, ಮುಖ ಕೆಂಪಗಾಯಿತು. "ಆ... ಆ... ಆ..." ಅಷ್ಟೇ! ಎಡಗೈಯಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಬಂದವರು ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಹೊರಟುಹೋದರು.

ಅಂದಿನಿಂದ ಬಚ್ಚಲಲ್ಲಿ ಹಾಡಿಲ್ಲ. 'ಸಿಕ್ಕಿಬಿದ್ದಳಲ್ಲ, ಅದಕ್ಕೇ ನಿಲ್ಲಿಸಿದಳು' ಎಂದು ಸೊಸೆ ಗೆದ್ದವಳಂತೆ ಓಡಾಡಿದಳು.

ಒಂಬತ್ತನೆಯ ದಿನ, ಮಾತಿನ ತರಬೇತಿ ಕೊಡುವ ಡಾಕ್ಟರಮ್ಮ ಬಂದಾಗ ಸೊಸೆ ಅದನ್ನು ದೂರಿನಂತೆಯೇ ಹೇಳಿದಳು. ಆಕೆ ಕೂತಲ್ಲಿಂದ ಎದ್ದೇಬಿಟ್ಟಳು.

"ಹಾಡ್ತಿದ್ರಾ? ಮಾತಿನ ಸಮೇತ? ಅಯ್ಯೋ, ಮೊದಲೇ ಯಾಕೆ ಹೇಳಲಿಲ್ಲ? ಮಾತು ಪೂರ್ತಿ ಹೋದವರಿಗೂ ಎಷ್ಟೋ ಸಲ ಹಾಡು ಉಳಿದಿರುತ್ತಮ್ಮ. ಮಿದುಳಲ್ಲಿ ಎರಡರ ದಾರಿನೂ ಒಂದೇ ಅಲ್ಲ. ಇವರಿಗೆ ಉಳಿದಿರೋ ಬಾಯಿ ಅದೊಂದೇ! ಅದೇ ರಾಗದಲ್ಲಿ ದಿನದ ಮಾತು ಕೂರಿಸಿ ಕಲಿಸಬಹುದು. ಎಲ್ಲಿ, ಹಾಡಿ ತಾಯಿ..."

ಅತ್ತೆ ತುಟಿ ಬಿಚ್ಚಲಿಲ್ಲ.

ಸೊಸೆಗೆ ಈಗ ಅರ್ಥವಾಯಿತು. ಎಲ್ಲ ಕಳೆದುಕೊಂಡ ಜೀವ ಬಚ್ಚಲಲ್ಲಿ, ಯಾರ ಕಿವಿಗೂ ಬೀಳದಂತೆ ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿತ್ತು... ಅದನ್ನೂ ತಾನು ಕಸಿದುಕೊಂಡೆನಲ್ಲಾ! ಡಾಕ್ಟರಮ್ಮ ಹೋದ ಮೇಲೆ ಮಂಚದ ಪಕ್ಕ ಕುಸಿದು ಕೂತಳು.

"ತಪ್ಪಾಯ್ತು ಅತ್ತೆ... ಉಪ್ಪು ಹಾಕಿದ್ದೂ ನಾನೇ, ಬೇಕು ಅಂತಲೇ. ಬೈಯಿರಿ ಅತ್ತೆ... ಹಾಡಿನಲ್ಲಾದರೂ ಬೈಯಿರಿ!"

ಗೋಡೆಯ ಕಡೆಗಿದ್ದ ಮುಖ ತಿರುಗಲಿಲ್ಲ. ಆಗ ಸೊಸೆ ತಾನೇ ಶುರುಮಾಡಿದಳು: "ಹೊಳೆಯ ನಡುವೆ... ಕಾಲು ಸೋತರೆ..." ರಾಗ ಒಂದು ದಿಕ್ಕಿಗೆ, ತಾಳ ಇನ್ನೊಂದು ದಿಕ್ಕಿಗೆ. ಆದರೆ ಹನ್ನೊಂದು ವರ್ಷ ಕಿವಿಗೆ ಬಿದ್ದ ಹಾಡು ಅಂದು ಎದೆಗಿಳಿಯಿತು. ಹೊಳೆಯ ನಡುವೆ ನಿಂತವಳು ಅತ್ತೆಯೊಬ್ಬಳೇ ಅಲ್ಲವಲ್ಲ! ಅಳುತ್ತಾ ಮತ್ತೆ ಅದೇ ಸಾಲು ಹಿಡಿದಳು, ಮತ್ತೆ ತಪ್ಪಿದಳು. ಅತ್ತೆಯ ಎಡಗೈ ಹಾಸಿಗೆಯ ಮೇಲೆ ಪಟಪಟನೆ ಬಡಿಯಿತು. ಪಾಸ್ಟರ್ ತಪ್ಪಿ ಹಾಡಿದರೂ ಬಿಡದ ಹೆಂಗಸು ಇದನ್ನು ಸಹಿಸುವುದುಂಟೇ? ನಡುಗುವ ದನಿಯೊಂದು ಮೇಲೆದ್ದಿತು.

"...ತೋಳು ಚಾಚುವ ತಂದೆಯೇ..."

ಇಬ್ಬರೂ ಅತ್ತರು, ಇಬ್ಬರೂ ಹಾಡಿದರು. ಮರುದಿನದಿಂದ ಅದೇ ರಾಗದಲ್ಲಿ "ನೀರು ಬೇಕು", "ದಿಂಬು ಸರಿಸು" ಎಂಬ ಪಾಠ ಶುರುವಾಯಿತು.

ತಿಂಗಳ ಕೊನೆಯ ದಿನ ಮಾಲೀಕರ ಫೋನು ಬಂತು. "ಇಲ್ಲ ಸಾರ್, ಬೇರೆಯವರನ್ನ ನೋಡ್ಕೊಳ್ಳಿ. ನಾನು ಅತ್ತೇನ ಬಿಟ್ಟು..." ಎನ್ನುತ್ತಿದ್ದಳು ಸೊಸೆ. ಒಳಗಿನಿಂದ ದನಿ ಬಂತು. ರಾಗ ಹಾಡಿನದು, ಮಾತು ಯಾರೂ ಕಲಿಸಿದ್ದಲ್ಲ.

"ಕೆಲಸಕ್ಕೆ... ಹೋಗು... ಮಗಳೇ..."

ಸೊಸೆ ಬೆಚ್ಚಿ ಬಾಗಿಲಿಗೆ ಬಂದಳು. ಹಳೆಯ ಸಂಶಯ ಹೆಡೆ ಎತ್ತಿತು: ಇದರಲ್ಲಿ ಕೊಂಕು ಎಲ್ಲಿದೆ? ಅತ್ತೆಯ ಮುಖದಲ್ಲಿ ಹುಡುಕಿದಳು, ಎಲ್ಲೂ ಸಿಗಲಿಲ್ಲ. ಆ ಸೊಟ್ಟ ತುಟಿ ಮತ್ತೊಮ್ಮೆ, ಕಷ್ಟಪಟ್ಟು, ಹಾಡಿತು.

"ಅವರು... ಬರಲಿ... ನೀನು... ಹೋಗು..."

ಸರದಿ ಮೇಲೆ ಬರುತ್ತೇವೆಂದ ಹೆಂಗಸರ ಮಾತು ಅದು. ಅತ್ತೆ ಅಂದು ಅದನ್ನು ಕೇಳಿಸಿಕೊಂಡಿದ್ದಳು, ಒಪ್ಪಿಗೆ ಹೇಳಲು ಬಾಯಿರಲಿಲ್ಲ ಅಷ್ಟೇ.

"ಹಲೋ? ಇದೀಯೇನಮ್ಮಾ?" ಎಂದರು ಮಾಲೀಕರು.

ಸೊಸೆ ಕಣ್ಣೊರೆಸಿಕೊಂಡಳು. ಇಡೀ ಬೀದಿಗೆ ಕೇಳುವಂತೆ ಹೇಳಿದಳು.

"ನಾಳೆಯಿಂದ ಬರ್ತೀನಿ ಸಾರ್... ನಮ್ಮತ್ತೆ ಹೇಳಿದ್ದಾರೆ!"