ಸಗಣಿ ಮೆತ್ತಿದ ಗೂಟ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿಲ್ಲದೆಯೂ ಒಂದು ಓಣಿಗೆ ಓಣಿಯೇ ಮೂಗು ಮುಚ್ಚಿಕೊಂಡಿತ್ತೆಂದರೆ ನೀವು ನಂಬಲಿಕ್ಕಿಲ್ಲ. ಆದರೂ ಇದು ಖರೇ ನಡೆದದ್ದು.

"ಬಾಯಾರ, ಗಿಡ ನಾ ಕಿತ್ತಿಲ್ಲರಿ," ಎನ್ನುತ್ತ ಕಿರಾಣಿ ಅಂಗಡಿಯ ಲಕ್ಕಪ್ಪ ನಾಗರ ಪಂಚಮಿಯ ಮುನ್ನಾದಿನ ಮುಂಜಾನೆ ಅನಸೂಯಾಬಾಯಿಯವರ ಮನೆಗೆ ಓಡಿಬಂದ. "ಅಣ್ಣಾಜಿಯವರು ಸಂಜೀಕ ಠಾಣೆಗೆ ಹೊಂಟಾರ. ನನ್ನ ಹೆಸರ ಬರಸ್ತಾರಂತ."

ಓಣಿಯ ಕಳವುಗಳನ್ನು ಪತ್ತೆಮಾಡುವವರು ಅನಸೂಯಾಬಾಯಿ. ಬೆನ್ನು ಬಿಡದವಳು ಅವರ ಅಣ್ಣನ ಮಗಳು ನಂದಿತಾ. ಕಳುವಾದದ್ದು ಗಿಡವೆಂದು ಕೇಳಿ ಅವಳಿಗೆ ನಗು ಬಂತು. ಲಕ್ಕಪ್ಪನ ಮುಖ ನೋಡಿ ನುಂಗಿಕೊಂಡಳು.

ಅದೇ ಓಣಿಯ ಮುದುಕಿ ಕುಲ್ಸುಮಬಿಯ ಮಾವ ಸೊಲ್ಲಾಪುರದಿಂದ ಬಂದು ಇಲ್ಲಿ ಹಗ್ಗ ಹೊಸೆಯುತ್ತ ನೆಲೆನಿಂತವರು. ಅಂದಿನಿಂದ ಪ್ರತಿ ಪಂಚಮಿಗೂ ಓಣಿಯ ಹುಣಸೆಮರಕ್ಕೆ ಜೋಕಾಲಿ ಕಟ್ಟುವುದು ಆ ಮನೆಯವರೇ. ರಸ್ತೆ ಅಗಲವಾಗಿ ಮರ ಹೋಯಿತು. ಆ ಜೋಕಾಲಿಯ ನೆನಪಿಗೆಂದು ಓಣಿಯ ಕಮಿಟಿಯ ಅಧ್ಯಕ್ಷ ಅಣ್ಣಾಜಿ ಬಯಲಲ್ಲಿ ಅಶೋಕದ ಗಿಡ ಹಚ್ಚಿಸಿ, ಫಲಕ ಹಾಕಿಸಿದ್ದರು. "ಹೊರಗಿಂದ ಬಂದವರಿಗೆ ಯಾಕ ಗಿಡ?" ಎಂದು ಲಕ್ಕಪ್ಪ ಅಂದದ್ದನ್ನು ಎಲ್ಲರೂ ಕೇಳಿದ್ದರು.

ಬಾಯಿ, ನಂದಿತಾ ಬಯಲಿಗೆ ಹೋಗಿ ನೋಡಿದರೆ ಗಿಡವಿಲ್ಲ. ಅದೇ ಕುಣಿಯಲ್ಲಿ ತೋಳುಗಾತ್ರದ ಬೋಳು ಗೂಟ, ಅದರ ತಲೆಗೆ ಸಗಣಿ.

"ಸಗಣಿ ಹಚ್ಚಿ ಓಣೀ ಮಾನ ಕಳದಾನ್ರಿ," ಎಂದರು ಅಲ್ಲೇ ನಿಂತಿದ್ದ ಅಣ್ಣಾಜಿ.

ಫಲಕವನ್ನು ಯಾರೋ ಒರೆಸಿ ಮಿಂಚಿಸಿದ್ದರು. ಗೂಟದ ಸುತ್ತ ನೀರು ನಿಲ್ಲಲು ಬದು ಕಟ್ಟಿತ್ತು. ಬಾಯಿ ಗೂಟವನ್ನು ಉಗುರಿನಿಂದ ಗೀರಿದರು. ಬಿಳಿ ಹಾಲು ಜಿನುಗಿತು.

"ಅಣ್ಣಾಜಿ, ನಿಮ್ಮನ್ಯಾಗ ಚಾ ಸಿಗತದೇನು?"

ಚಾ ಕುಡಿಯುವಷ್ಟು ಹೊತ್ತೂ ಅಣ್ಣಾಜಿ ಕಳ್ಳನನ್ನು ಬೈಯುತ್ತ ತಮ್ಮ ಗೇಟಿನ ಸಾಲು ಅಶೋಕಗಳಿಗೆ ನೀರುಣಿಸಿದರು. ಕೊನೆಯ ಗಿಡ ತುಸು ವಾಲಿತ್ತು, ಬುಡದ ಮಣ್ಣು ಹೊಸದು. ಅತ್ತೆ ಅಲ್ಲೇ ಕಣ್ಣು ನೆಟ್ಟದ್ದನ್ನು ನಂದಿತಾ ನೋಡಿದಳು.

ಸಂಜೆ ಬಯಲಲ್ಲಿ ಓಣಿಯೆಲ್ಲ ಕೂಡಿತು.

"ಹಗೆ ಇದ್ದಾಂವ ಫಲಕ ಒಡೀತಾನ, ಒರಸೂದಿಲ್ಲ. ಗೂಟಕ್ಕ ಯಾರೂ ಬದು ಕಟ್ಟೂದಿಲ್ಲ," ಎಂದರು ಬಾಯಿ. "ಇದು ಗೂಟಲ್ಲ, ಹಸೀ ಆಲದ ಟೊಂಗಿ. ಕಡದ ತುದಿ ಒಣಗಬಾರದಂತ ಸಗಣಿ ಮೆತ್ಯಾರ, ಚಿಗೀತದ. ಜೋಕಾಲಿ ನೆನಪಿಗೆ ಅಶೋಕ ಹಚ್ಚಿದ್ರಿ. ನೆಟ್ಟಗ ಬೆಳಿಯೂ ಗಿಡ, ಅದಕ್ಕ ಹಗ್ಗ ಎಲ್ಲಿ ಕಟ್ಟೂದು? ಆ ಸಿಟ್ಟು ಯಾರಿಗೆ ಬಂದೀತು?"

ಎಲ್ಲರೂ ಕುಲ್ಸುಮಬಿಯತ್ತ ತಿರುಗಿದರು. ಮುದುಕಿ ತಲೆ ತಗ್ಗಿಸಲಿಲ್ಲ.

"ಹೌದು, ನಾನ. ಅಗದಾಂವ ನನ್ನ ಮಗ ನಾಸೀರ. ನೆನಪಿಗೆ ಅಂತ ಫಲಕದಾಗ ಬರಸೀರಿ, ನಾವೇನ ಸತ್ತೇವೇನು? ನಾಳೆ ಕಂಬ ನಿಲ್ಲಿಸಿ ಜೋಕಾಲಿ ಕಟ್ಟತೇವಿ. ಮುಂದ ನನ್ನ ಮೊಮ್ಮಕ್ಕಳು ಈ ಆಲಕ್ಕ ಕಟ್ಟತಾರ. ಇದನ್ನ ಕಿತ್ತರ ಇನ್ನೊಂದ ಹಚ್ಚತೇನಿ. ಲಕ್ಕಪ್ಪ, ಠಾಣೆ ತನಕ ನಿನ್ನ ಬಿಡತಿದ್ದಿಲ್ಲಪ. ಒಂದಿನ ಬೆವರಲಿ ಅಂತ ಸುಮ್ಮನಿದ್ದೆ."

ಲಕ್ಕಪ್ಪ ಹಣೆಯ ಬೆವರು ಒರೆಸಿಕೊಂಡ.

"ಮತ್ತ ನಮ್ಮ ಅಶೋಕ ಎಲ್ಲಿ?" ಅಣ್ಣಾಜಿ ಬಿಡಲಿಲ್ಲ.

ಬಾಯಿ ಅವರದೇ ಮೂಗುದನಿ ತೆಗೆದರು: "ಸಭಾಸದರೇ, ಕಳವಿನ ಮಾಲು ಅಧ್ಯಕ್ಷರ ಗೇಟಿನಾಗ ಅದ. ಮುಂಜಾನೆ ಖುದ್ದು ಅಧ್ಯಕ್ಷರೇ ಅದಕ್ಕ ನೀರು ಹಾಕ್ಯಾರ."

ಅಣ್ಣಾಜಿ ತಮ್ಮ ಗೇಟಿನತ್ತ ನೋಡಿದರು, ಗೂಟದತ್ತ ನೋಡಿದರು. ಮೊದಲು ಹೊಟ್ಟೆ ಕುಲುಕಿತು. ಆಮೇಲೆ ಬಂದ ನಗುವಿನಲ್ಲಿ ಓಣಿಯ ನಗುವೆಲ್ಲ ಮುಳುಗಿಹೋಯಿತು.

"ನಾಳೆ ಜೋಕಾಲಿ ಮೊದಲ ಪಾಳಿ ನಂದು, ಕುಲ್ಸುಮಬಿ," ಎಂದು ಕಣ್ಣೊರೆಸಿಕೊಂಡು ಮತ್ತೆ ನಗತೊಡಗಿದರು.